ರಾಚಪ್ಪನವರ ಹಗುರ ಮಾತು

ನಮ್ಮ ಮನೆಯವರಿಗೆ ಮಣ್ಣು ಕೊಟ್ಟು ಬಂದ ಮೂರನೆಯ ದಿನ, ಟೇಲರ್ ಕಸ್ತೂರಿ ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಕುಳಿತು ಚಹಾದ ಕಪ್ಪನ್ನು ಬಾಯಿಗೆ ಒಯ್ಯುತ್ತಿದ್ದವಳು ನಡುವೆಯೇ ನಿಲ್ಲಿಸಿ, "ನನ್ನ ಕೇಳಿದ್ರ," ಎಂದಳು. ನನ್ನ ನಾದಿನಿ ಈರಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಗೋಡೆಗೆ ಒರಗಿದ್ದ ನಾನು ನೆಟ್ಟಗೆ ಕುಳಿತೆ. ಕಸ್ತೂರಿ ಯಾವತ್ತೂ ಹಾಗೆ ಮಾತು ತೆಗೆದವಳಲ್ಲ. ಅದು ನಮ್ಮ ಮನೆಯವರು ಮಾತು ತೆಗೆಯುವ ರೀತಿ. ನಲವತ್ತೇಳು ವರ್ಷ ನಾನದನ್ನು ದಿನಕ್ಕೆ ಹತ್ತು ಸಲ ಕೇಳಿದ್ದೆ, "ನಿಮ್ಮನ್ನ ಯಾರ ಕೇಳ್ಯಾರ?" ಎಂದು ಹತ್ತು ಸಲವೂ ಅಂದಿದ್ದೆ. ನಿಜಕ್ಕೂ ಯಾರೂ ಕೇಳಿರುತ್ತಿರಲಿಲ್ಲ.

"ನನ್ನ ಕೇಳಿದ್ರ," ಎಂದು ಕಸ್ತೂರಿ ಮುಂದುವರಿಸಿದಳು, "ವಿಡಿಯೋ ಗೇಮಿನ್ಯಾಗ ಸತ್ತವನ್ನ ಮತ್ತ ಮೊದಲಿಂದ ಓಡಸೂದು ತಪ್ಪು. ಎಲ್ಲಿ ಬಿದ್ದನೋ ಅಲ್ಲಿಂದನ ಎಬ್ಬಸಬೇಕು. ಅಲ್ಲೀತನಕ ಬಂದಂವಗ ದಾರಿ ಗೊತ್ತಿರತೈತಿ, ಅವನ್ಯಾಕ ಮತ್ತ ಮತ್ತ ಅದನ್ನ ನಡಸಬೇಕು?"

ಹೇಳಿ ಮುಗಿಸಿ ಆಕೆ ಚಹಾ ಕುಡಿದಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗೆಯಿತ್ತು. "ಖರೇ ಐತಿ ಮಾತು," ಎಂದು ಸೆರಗಿನ ತುದಿಗೆ ಒಂದು ಗಂಟು ಹಾಕಿ, "ಇದು ಇನ್ನ ನಂದು," ಎಂದಳು.

ನಮ್ಮ ಊರಿನಲ್ಲಿ ಹೀಗೆ. ಸತ್ತವರ ಭಾರದ ಮಾತುಗಳೆಲ್ಲ, ಎಂದರೆ ಆಣೆ, ಹರಕೆ, ಶಾಪ, ಪ್ರೀತಿ, ಅವರ ಸಂಗಡವೇ ಮಣ್ಣಿಗೆ ಹೋಗುತ್ತವೆ. ಹಗುರ ಮಾತು ಮಾತ್ರ ಮನೆಯಲ್ಲಿ ಉಳಿಯುತ್ತದೆ. ತನಗೆ ಸಂಬಂಧವಿಲ್ಲದ ಸಂಗತಿಯ ಮೇಲೆ, ಯಾರೂ ಕೇಳದೆ, ಕಾಲು ಚಾಚಿಕೊಂಡು ಆಡಿದ ಮಾತು. ಬಂದು ಕುಳಿತವರ ನಾಲಿಗೆಯ ಮೇಲೆ ಅದು ಏರುತ್ತದೆ. ಒಪ್ಪಿದವರು ಗಂಟು ಹಾಕಿಕೊಂಡು ಒಯ್ಯುತ್ತಾರೆ. ಒಯ್ದವರು ವರ್ಷಕ್ಕೊಮ್ಮೆ ಅದೇ ಪಡಸಾಲೆಗೆ ಬಂದು ಅಕ್ಷರ ಬದಲಿಸದೆ ಆಡಿ ಹೋಗಬೇಕು. ಮನಸ್ಸಿನಲ್ಲಿ ಒಪ್ಪದೆ ಹಾಕಿದ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಪ್ಪತ್ತೊಂದನೆಯ ದಿನ ಹೊತ್ತು ಮುಳುಗುವವರೆಗೂ ಯಾರೂ ಒಯ್ಯದ ಮಾತು ಹೋಗಿಬಿಡುತ್ತದೆ. ಹೋಯಿತೆಂದರೆ, ಸತ್ತವರು ಹಾಗೆ ಅನ್ನುತ್ತಿದ್ದರು ಎಂಬ ನೆನಪು ಕೂಡ ಯಾರಲ್ಲಿಯೂ ಇರುವುದಿಲ್ಲ. ನಮ್ಮ ಅತ್ತೆಯ ಒಂದು ಮಾತು ಹಾಗೆ ಹೋಯಿತು. ಏನು ಹೋಯಿತೋ ತಿಳಿಯದು. ಆದರೆ ಖಾರ ಕುಟ್ಟುವಾಗ ಈಗಲೂ ನಾನು ಒನಕೆ ಎತ್ತಿದವಳು ಹಾಗೆಯೇ ನಿಲ್ಲುತ್ತೇನೆ, ಇಲ್ಲಿ ಏನೋ ನೆನಪಾಗಬೇಕಿತ್ತು ಎಂದು.

ಹೀಗಾಗಿ ನನಗೆ ಆ ಇಪ್ಪತ್ತೊಂದು ದಿನ ಒಂದೇ ಆಸೆ ಇತ್ತು. ನಮಗೆ ಮಕ್ಕಳಿಲ್ಲ. ಅವರದು ಎಂದು ಈ ಊರಿನಲ್ಲಿ ಉಳಿಯುವುದು ಆ ಮಾತುಗಳಷ್ಟೇ. ಅವುಗಳಲ್ಲಿ ಒಂದೂ ಹೋಗಬಾರದು.

ಅವರ ಮಾತುಗಳು ಎಂತೆಂತಹವು ಎಂಬುದಕ್ಕೆ ಅವರ ಕೆಲಸವನ್ನು ಹೇಳಬೇಕು. ಮನೆಯ ಮುಂದಿನ ಕೋಣೆಯಲ್ಲಿ ಅವರದು ರೇಡಿಯೋ ರಿಪೇರಿ ಅಂಗಡಿ. ರೇಡಿಯೋ ಹೋಗಿ ಟೇಪ್‌ರೆಕಾರ್ಡರ್ ಬಂತು, ಅದು ಹೋಗಿ ಮೊಬೈಲ್ ಬಂತು, ಜೊತೆಗೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮುಗಳು ಬಂದವು. ಎಲ್ಲವನ್ನೂ ಬಿಚ್ಚಿ ಕೂಡಿಸುವುದನ್ನು ಅವರು ತಾವೇ ಕಲಿತರು. ರೇಡಿಯೋ ಸರಿಯಾಯಿತೇ ಎಂದು ತಿಳಿಯಲು ಹಾಡು ಕೇಳಬೇಕು, ವಾರ್ತೆ ಕೇಳಬೇಕು. ಗೇಮು ಸರಿಯಾಯಿತೇ ಎಂದು ತಿಳಿಯಲು ಆಡಬೇಕು. ಎಪ್ಪತ್ತು ವರ್ಷದ ಮನುಷ್ಯ ಕನ್ನಡಕ ಏರಿಸಿಕೊಂಡು, ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿದ್ದರೂ, ಎರಡು ಹೆಬ್ಬೆರಳಿನಿಂದ ಯಾವುದೋ ಬೊಂಬೆಯನ್ನು ಗೋಡೆ ಹಾರಿಸುತ್ತ ಕುಳಿತಿರುತ್ತಿದ್ದರು. ಕಸ್ತೂರಿ ಹೊಲಿಗೆ ಮುಗಿಸಿ ಬಂದು ಎದುರಿಗೆ ಕುಳಿತು ಆಡುತ್ತಿದ್ದಳು. ಸೋತವರು ಚಹಾ ತರಬೇಕು. ಚಹಾ ಮಾಡುವವಳು ಮಾತ್ರ ಯಾವಾಗಲೂ ನಾನೇ.

ನಾನು ಆ ಕೋಣೆಗೆ ಹೆಚ್ಚು ಹೋದವಳಲ್ಲ. ನನ್ನದು ಪೂಜೆ. ಎಂಟು ವರ್ಷದವಳಿದ್ದಾಗ ನಮ್ಮ ಅಜ್ಜ ಅಂಗೈಯಲ್ಲಿ ಲಿಂಗವಿಟ್ಟು ನೋಟ ಕದಲಿಸದೆ ಕುಳಿತುಕೊಳ್ಳುವುದನ್ನು ಕಲಿಸಿದ. ಅಂದಿನಿಂದ ಎರಡು ಹೊತ್ತು ಒಂದು ದಿನವೂ ತಪ್ಪಿಸಿಲ್ಲ. ಶಿವನ ದಯೆ. ಪೂಜೆಯಿಂದ ಎದ್ದು ಬರುವಾಗ ಅವರು ಅಂಗಡಿಯ ಬಾಗಿಲಿನಿಂದ ತಲೆಯೆತ್ತಿ ನನ್ನ ಮುಖವನ್ನು ಒಂದು ಗಳಿಗೆ ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿ, "ಚಾ ಆತೇನು?" ಎನ್ನುತ್ತಿದ್ದರು. ರಿಪೇರಿಗೆ ಬಂದವರು ಸೆಟ್ಟಿಗೆ ಕಿವಿಗೊಟ್ಟಾಗ ಸ್ಟೇಷನ್ ಸಿಕ್ಕಿತೋ ಇಲ್ಲವೋ ಎಂಬುದು ಅವರಿಗೆ ಮುಖ ನೋಡಿದರೆ ತಿಳಿಯುತ್ತಿತ್ತು.

ಊರಿನವರು ನನ್ನನ್ನು ದೊಡ್ಡವಳೆಂದು ತಿಳಿದಿದ್ದರು. ಅದಕ್ಕೆ ನಾನು ಏನೂ ಮಾಡಿರಲಿಲ್ಲ. ಒಮ್ಮೆ ಯಾರೋ ಹೆಣ್ಣುಮಗಳು, "ಅಮ್ಮಾರ, ಪೂಜ್ಯಾಗ ಏನ ಕಂಡ್ರಿ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಕಂಡವರು ಹೇಳುವುದಿಲ್ಲ ಎಂದು ಆಕೆ ತಿಳಿದಳು. ಹಾಗೆಯೇ ಬೆಳೆಯಿತು. ಕಸ್ತೂರಿಯ ತಾಯಿ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಎಚ್ಚರವಿಲ್ಲದೆ ಮಲಗಿದ್ದಾಗ ಕಸ್ತೂರಿ ದಿನಾ ಬೆಳಗ್ಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಪೂಜೆ ಮುಗಿಸಿ ಆಕೆಯ ತಲೆಯ ಮೇಲೆ ಕೈಯಿಡುತ್ತಿದ್ದೆ, ಅಷ್ಟೇ. ತಾಯಿ ಎದ್ದು ಮನೆಗೆ ಬಂದಳು. ಅಂದಿನಿಂದ ನನ್ನ ಪಾದ ಮುಟ್ಟದೆ ಕಸ್ತೂರಿ ಮಷಿನ್ನಿಗೆ ಕುಳಿತವಳಲ್ಲ. ನಾನು ಬೇಡವೆನ್ನಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಹೇಳಬೇಕಾದದ್ದನ್ನು ಹೇಳಿರಲಿಲ್ಲ.

ಐದನೆಯ ದಿನ ಮೌಲಾಲಿ ಬಂದ. ಅವನದು ನಮ್ಮ ಪಕ್ಕದ ಅಂಗಡಿ. ತಬಲಾ ಕಟ್ಟುತ್ತಾನೆ, ಹಾರ್ಮೋನಿಯಂ ರಿಪೇರಿ ಮಾಡುತ್ತಾನೆ. ನಮ್ಮವರಿಗೂ ಅವನಿಗೂ ನಲವತ್ತೈದು ವರ್ಷದ ಸ್ನೇಹ, ನಲವತ್ತೈದು ವರ್ಷದ ಜಗಳ. ಬಂದು ಕುಳಿತು, ಗಡ್ಡ ನೀವಿಕೊಂಡು, ನನ್ನನ್ನು ನೋಡಲಾರದೆ ಜಮಖಾನೆಯ ಅಂಚು ನೋಡುತ್ತ, ಏಕಾಏಕಿ ಎಂದ:

"ನನ್ನ ಕೇಳಿದ್ರ, ಯಾವ ಹಾಡಿನ್ಯಾಗೂ ಎರಡನೇ ನುಡೀನ ಛಲೋ ಇರತೈತಿ. ಮೊದಲ್ನೇ ನುಡಿ ಮಂದಿ ಕೇಳಲಿ ಅಂತ ಮಾಡಿರತಾರ. ಎರಡನೇದು ಬರೂದ್ರಾಗ ಮಂದಿ ಎದ್ದು ಹೋಗಿರತಾರ. ಹಂಗಾಗಿ ಅದನ್ನ ತಮಗಂತ ಮಾಡಿಕೊಂಡಿರತಾರ."

ಮುಗಿದ ಮೇಲೆ ಮೌಲಾಲಿ ಹಣೆ ಚಚ್ಚಿಕೊಂಡ. "ಏ ರಾಚಣ್ಣಾ, ಈ ಮಾತಿಗೆ ನಿನ್ನ ಕೂಡ ಎಷ್ಟ ಜಗಳ ಆಡೀನೋ ಮಾರಾಯಾ. ಕಡೀಕ ನನ್ನ ಬಾಯಾಗನ ತುರುಕಿ ಹೋದಿ." ಎರಡು ದಿನ ಅವನು ಗಂಟು ಹಾಕಲಿಲ್ಲ. ತನ್ನ ಅಂಗಡಿಯಲ್ಲಿ ಕುಳಿತು ಗೊತ್ತಿದ್ದ ಹಾಡುಗಳನ್ನೆಲ್ಲ ಎರಡನೆಯ ನುಡಿಯವರೆಗೆ ಬಾರಿಸಿ ನೋಡಿದ. ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಏಳನೆಯ ದಿನ ಬಂದು, "ಸೋತೆ ವೈನಿ," ಎಂದು ಟವೆಲಿಗೆ ಗಂಟು ಹಾಕಿಕೊಂಡು ಹೋದ.

ಒಂಬತ್ತನೆಯ ದಿನ ಪುರಸಭೆಯ ಸದಸ್ಯ ಚಂದ್ರಗೌಡ ಬಂದರು. ಅವರು ಬಂದದ್ದು ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಸತ್ತವರ ರಾಜಕೀಯದ ಮಾತು ಯಾರ ಗಂಟಿನಲ್ಲಿರುತ್ತದೆಯೋ ಅವರ ಕಡೆ ಓಣಿಯ ಹತ್ತು ಓಟು ವಾಲುತ್ತವೆ ಎಂಬುದು ಊರಿನ ಲೆಕ್ಕ. ಗೌಡರು ಆರಡಿಗೂ ಮಿಕ್ಕಿದ ಆಳು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಜಮಖಾನೆಯ ನಡುಮಧ್ಯ ಕುಳಿತು, ನಾಲಿಗೆಯನ್ನು ಸಜ್ಜು ಮಾಡಿಕೊಂಡವರಂತೆ ಕಾದರು. ಒಂದು ತಾಸು ಏನೂ ಬರಲಿಲ್ಲ. "ಇವತ್ತ ಕರೆಂಟ್ ಇಲ್ಲೇನೋ," ಎಂದ ಮೌಲಾಲಿ. ಕೊನೆಗೆ ಅವಲಕ್ಕಿಯ ತಟ್ಟೆಗೆ ಕೈಯಿಟ್ಟಾಗ ಬಂತು.

"ನನ್ನ ಕೇಳಿದ್ರ, ನಿಂತವರೊಳಗ ಯಾಂವ ಕುಳ್ಳ ಅದಾನ ನೋಡಿ ಅವಗ ಓಟು ಹಾಕಬೇಕು. ಎತ್ತರದಾಂವಗ ಮ್ಯಾಲಿಂದ ಮಂದಿ ತಲಿ ಅಷ್ಟ ಕಾಣತಾವ, ಎಣಸ್ತಾನ. ಕುಳ್ಳಗ ಮಾರಿ ಕಾಣತಾವ."

ಯಾರೂ ನಗಲಿಲ್ಲ. ನಗದೆ ಇರಲು ಎಲ್ಲರೂ ಪಟ್ಟ ಕಷ್ಟ ಶಿವನಿಗೇ ಗೊತ್ತು. ಚಂದ್ರಗೌಡರ ಕಿವಿ ಕೆಂಪಾಯಿತು. ಆದರೂ ಹತ್ತು ಜನರೆದುರಿಗೆ ಬಿಟ್ಟು ಏಳುವುದು ಹೇಗೆ? ಶಲ್ಯದ ತುದಿಗೆ ಗಂಟು ಬಿಗಿದು, "ದೊಡ್ಡವರ ಮಾತು," ಎಂದು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಗಂಟು ಬಿಚ್ಚಿ ಶಲ್ಯ ಇಳಿಬಿತ್ತು. ಅವರು ಹಿಂದಿರುಗಿ ನೋಡದೆ ಹೋದರು. ಹದಿನಾಲ್ಕನೆಯ ದಿನ ಮತ್ತೆ ಬಂದರು, ಸಂಗಡ ಯಾರೂ ಇರಲಿಲ್ಲ. ಬಾಗಿಲ ಬಳಿಯೇ ಕೆಳಗೆ ಕುಳಿತರು. "ಅಮ್ಮಾರ, ಐದು ದಿನಾ ಆತು, ಮಂದಿ ಕೂಡ ಮಾತಾಡೂ ಮುಂದ ನಾ ಅವರ ನೆತ್ತೀನ ನೋಡಾಕತ್ತೀನಿ. ರಾಚಪ್ಪನವರು ಖರೇನ ಅಂದಿದ್ದರು," ಎಂದರು. ಆ ಸಲ ಹಾಕಿದ ಗಂಟು ನಿಂತಿತು. ಮುಂದಿನ ಚುನಾವಣೆಗೆ ತಮ್ಮನನ್ನು ನಿಲ್ಲಿಸುವುದಾಗಿ ಹೇಳಿದರು. ತಮ್ಮ ಕುಳ್ಳ.

ಹೀಗೆ ದೊಡ್ಡ ಸಣ್ಣ ಮಾತುಗಳೆಲ್ಲ ಒಂದೊಂದಾಗಿ ಹೋದವು. ಮಂಗಳವಾರ ಮಾಡಿದ ಉಪ್ಪಿನಕಾಯಿಯ ಬಗ್ಗೆ ಒಂದು, ಕ್ರಿಕೆಟ್ಟಿನ ಬಗ್ಗೆ ಎರಡು, ಭಾಷಣಕ್ಕೆ ಮೈಕು ಕೊಡುವ ಮುನ್ನ ಒಂದು ಹಾಡು ಹಾಡಿಸಬೇಕು ಎಂಬುದು ಒಂದು. ಉಳಿದದ್ದು ಒಂದೇ, ಅದು ಮೊದಲು ಬಂದದ್ದು ಹನ್ನೊಂದನೆಯ ದಿನ.

ಈರಮ್ಮ ಪಡಸಾಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ನಾನು ಬೆಳಗಿನ ಪೂಜೆ ಮುಗಿಸಿ ಆಗಷ್ಟೇ ಎದ್ದಿದ್ದೆ. ಓಣಿಯ ನಾಲ್ಕೈದು ಹೆಂಗಸರಿದ್ದರು. ಮೊರದಿಂದ ಕೈ ತೆಗೆದು ಈರಮ್ಮ ಎಂದಳು, "ನನ್ನ ಕೇಳಿದ್ರ, ಆ ಗುಡ್ಡದ ಅಣಬಿ ತಿಂದ್ರ ಅರ್ಧಾ ತಾಸಿನ್ಯಾಗ ಕಾಣೂದು, ಲಿಂಗ ಹಿಡಕೊಂಡು ಐವತ್ತು ವರ್ಷ ಕುಂತ್ರೂ ಕಾಣಂಗಿಲ್ಲ."

ಗುಡ್ಡದ ಅಣಬೆ ಏನೆಂದು ಊರಿಗೆಲ್ಲ ಗೊತ್ತು. ಮೊದಲ ಮಳೆಗೆ ಏಳುತ್ತದೆ. ತಿಂದವರಿಗೆ ಕಲ್ಲು ಉಸಿರಾಡುವುದು ಕಾಣುತ್ತದಂತೆ, ಬಣ್ಣಗಳಿಗೆ ದನಿ ಬರುತ್ತದಂತೆ. ತಿಂದು ತಿಳಿವಿಗೆ ಬರದೆ ಉಳಿದವರೂ ಇಬ್ಬರಿದ್ದಾರೆ. ನಮ್ಮ ಮಠದ ಅಯ್ಯನವರು ಅದರ ಹೆಸರನ್ನೇ ಎತ್ತಬಾರದೆಂದು ಹೇಳಿದ್ದಾರೆ.

ನಮ್ಮಲ್ಲಿ ಒಂದು ಪದ್ಧತಿ. ಆಡಬಾರದ ಮಾತು ಯಾರ ನಾಲಿಗೆಗೆ ಬಂದರೂ ಮನೆಯವರು ತಕ್ಷಣ ಅವರ ಬಾಯಿಗೆ ಒಂದು ಹೆಂಟೆ ಬೆಲ್ಲ ಹಾಕಬೇಕು. ಬಾಯಿಗೆ ಬೆಲ್ಲ ಬಿತ್ತೆಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ, ಆಡಿದವರಿಗೂ ದೋಷವಿಲ್ಲ. ಅದಕ್ಕಾಗಿಯೇ ಜಮಖಾನೆಯ ಪಕ್ಕದಲ್ಲಿ ಬೆಲ್ಲದ ತಟ್ಟೆ ಇಟ್ಟಿರುತ್ತೇವೆ. ನಾನು ಓಡಿಹೋಗಿ ಈರಮ್ಮನ ಬಾಯಿಗೆ ಬೆಲ್ಲ ತುಂಬಿದೆ. ಆಕೆ ಇನ್ನೂ ಏನೋ ಹೇಳಲಿದ್ದವಳು ಕಣ್ಣುಕಣ್ಣು ಬಿಡುತ್ತ ಅಗಿದಳು. ಹೆಂಗಸರು ನನ್ನ ಮುಖ ನೋಡಿದರು, ನಾನು ಅಕ್ಕಿ ನೋಡಿದೆ.

ಆಡಿದ್ದು ನನ್ನ ಮೇಲೆ ಎಂಬುದು ಎಲ್ಲರಿಗೂ ತಿಳಿಯಿತು. ಲಿಂಗ ಹಿಡಿದು ಐವತ್ತು ವರ್ಷ ಕುಳಿತವಳು ಆ ಮನೆಯಲ್ಲಿ ಮತ್ತಾರು?

ಹದಿಮೂರನೆಯ ದಿನ ಅದೇ ಮಾತು ಮಠದ ಅಯ್ಯನವರ ನಾಲಿಗೆಗೆ ಬಂತು. ವಿಭೂತಿ ಕೊಡಲು ಬಂದಿದ್ದರು. "ಗುಡ್ಡದ ಅಣಬಿ" ಎನ್ನುವಷ್ಟರಲ್ಲಿಯೇ ತಾವೇ ಬೆಚ್ಚಿ ಬೆಲ್ಲದ ತಟ್ಟೆಗೆ ಕೈಹಾಕಿದರು. ಎರಡು ಹೆಂಟೆ ತಿಂದು, ನೀರು ಕುಡಿದು, "ಬಸಲಿಂಗಮ್ಮ, ಇದನ್ನ ಬಿಟ್ಟುಬಿಡು. ಹೋಗೂ ಮಾತು ಹೋಗಲಿ," ಎಂದರು. ಹದಿನಾರನೆಯ ದಿನ ನಾನೊಬ್ಬಳೇ ಪಾತ್ರೆ ತೊಳೆಯುತ್ತಿದ್ದಾಗ ನನ್ನ ನಾಲಿಗೆಗೇ ಬಂತು. ನಾಲಿಗೆ ಕಚ್ಚಿಕೊಂಡೆ. ಎರಡು ದಿನ ಖಾರ ತಿನ್ನಲಾಗಲಿಲ್ಲ.

ಬಿಟ್ಟುಬಿಡುವುದು ಸುಲಭ. ಇನ್ನು ಐದು ದಿನ ಬಾಯಿ ಬಿಗಿಹಿಡಿದರೆ ಮಾತು ಹೋಗುತ್ತದೆ, ಅದು ಇತ್ತೆಂಬ ನೆನಪೂ ಹೋಗುತ್ತದೆ, ಹೆಂಗಸರು ನನ್ನ ಮುಖ ನೋಡಿದ್ದು ಕೂಡ ಅಳಿಸಿಹೋಗುತ್ತದೆ. ಆದರೆ ಖಾರ ಕುಟ್ಟುವಾಗ ನಿಂತುಬಿಡುವ ನನ್ನ ಕೈ ನನಗೆ ಗೊತ್ತಿತ್ತು. ಇನ್ನೊಂದು ಕಡೆ, ಆ ಮಾತನ್ನು ನಾನು ಒಯ್ಯುವುದು ಹೇಗೆ? ಒಪ್ಪಿ ಒಯ್ಯಬೇಕು. ಒಪ್ಪಿದರೆ ನನ್ನ ಐವತ್ತು ವರ್ಷವನ್ನು ಅರ್ಧ ತಾಸಿನ ಅಮಲಿಗಿಂತ ಕಡಿಮೆ ಎಂದು ಒಪ್ಪಿದಂತೆ. ಜೊತೆಗೆ ಇನ್ನೊಂದು, ಅದನ್ನು ಬರೆಯುವುದು ಕಷ್ಟ. ಆ ಮಾತು ಸುಳ್ಳೆಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ನಾನು ಯಾವತ್ತೂ ಏನನ್ನೂ ಕಂಡವಳಲ್ಲ. ಬೆಳಕಿಲ್ಲ, ದನಿಯಿಲ್ಲ. ಅಂಗೈಯಲ್ಲಿ ಲಿಂಗ, ಮೂಗಿನಲ್ಲಿ ಊದಿನಕಡ್ಡಿಯ ವಾಸನೆ, ಮೊಣಕಾಲಲ್ಲಿ ನೋವು. ಐವತ್ತೊಂಬತ್ತು ವರ್ಷ ಅಷ್ಟೇ. ಈ ಸಂಗತಿಯನ್ನು ನಾನು ನನ್ನ ಅಜ್ಜನಿಗೆ ಹೇಳಿರಲಿಲ್ಲ, ಗಂಡನಿಗೆ ಹೇಳಿರಲಿಲ್ಲ.

ಹದಿನೆಂಟನೆಯ ದಿನ ಮೌಲಾಲಿಯ ಅಂಗಡಿಗೆ ಹೋದೆ. ಅವನು ತಬಲಾದ ಮೇಲೆ ಕರಣೆಯ ಕಪ್ಪು ಲೇಪ ತಿಕ್ಕುತ್ತಿದ್ದವನು ಎದ್ದು ನಿಂತ.

"ಖರೇ ಹೇಳು ಮೌಲಾಲಿ. ಅವರು ಅಣಬಿ ತಿಂದಿದ್ದರೇನು?"

ಮೌಲಾಲಿ ಕಪ್ಪಾದ ಹೆಬ್ಬೆರಳು ಒರೆಸಿಕೊಂಡ. "ಒಂದ ಸಲ ವೈನಿ. ನಲವತ್ತ ವರ್ಷದ ಹಿಂದ. ನೀವು ತವರಮನಿಗೆ ಹೋಗಿದ್ರಿ, ರಾತ್ರಿ ಹೊಳ್ಳಿ ಬಂದ್ರಿ. ಇಬ್ರೂ ಕೂಡೇ ತಿಂದ್ವಿ, ಸುಳ್ಳ ಯಾಕ ಹೇಳ್ಲಿ."

"ಏನ ಕಂಡ್ರಿ?"

"ರಾಚಣ್ಣ ಕಲ್ಲಿನ ಮ್ಯಾಲ ಕುಂತು ಮೂರ ತಾಸು ಅತ್ತ, ನಕ್ಕ. ಇಡೀ ಗುಡ್ಡ ಹಾಡಾಕತ್ತೈತಿ ಅಂದ. ನನಗೇನೂ ಕಾಣಲಿಲ್ಲ ವೈನಿ. ನನಗ ಬರೇ ವಾಂತಿ ಆತು."

"ಮತ್ತ ಈ ಮಾತು?"

"ಅಂಗಡ್ಯಾಗ ಆಗೊಮ್ಮೆ ಈಗೊಮ್ಮೆ ತಗೀತಿದ್ದ. ನೀವು ಪೂಜಿ ಮುಗಿಸಿ ಒಳಗ ಹೋದಿರಿ ಅಂದ್ರ ಶುರು ಮಾಡತಿದ್ದ. ನಾನ ಅವನ ಬಾಯಿ ಮುಚ್ಚಸ್ತಿದ್ದೆ. ಬಿಡೋ ಮಾರಾಯಾ, ವೈನಿ ಕೇಳ್ಯಾರು ಅಂತ." ತಬಲಾ ಬದಿಗಿಟ್ಟು, "ಒಮ್ಮೆನೂ ಮುಗಸಾಕ ಬಿಟ್ಟಿಲ್ಲ ಬಿಡ್ರಿ," ಎಂದ.

ನಾನು ಮನೆಗೆ ಬಂದೆ. ಸಂಜೆಯ ಪೂಜೆಗೆ ಕುಳಿತಾಗ ಗೋಡೆಯಾಚೆ ಮೌಲಾಲಿ ಯಾವುದೋ ಹಾಡಿನ ಮೊದಲ ನುಡಿ ಬಾರಿಸುತ್ತಿದ್ದ. ಎರಡನೆಯದಕ್ಕೆ ಬರುವ ಮೊದಲೇ ಯಾರೋ ಗಿರಾಕಿ ಕರೆದರೆಂದು ತೋರುತ್ತದೆ, ನಿಲ್ಲಿಸಿದ. ನನ್ನ ನೋಟ ಲಿಂಗದ ಮೇಲಿತ್ತು, ಕಿವಿ ಮಾತ್ರ ಆ ನಿಂತ ಜಾಗದಲ್ಲಿಯೇ ಉಳಿಯಿತು. ಈರಮ್ಮ ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದಳು. ನಾನು ಬೆಲ್ಲ ತುಂಬಿದ್ದೆ.

ಇಪ್ಪತ್ತೊಂದನೆಯ ದಿನ ಎಲ್ಲರೂ ಬಂದರು. ಕೊನೆಯ ದಿನ ಓಣಿಯವರೆಲ್ಲ ಕೂಡಿ ಕುಳಿತು ಹೊತ್ತು ಮುಳುಗುವುದನ್ನು ನೋಡಿ ಏಳುವುದು ರೂಢಿ. ಅಯ್ಯನವರು ಕಂಬಕ್ಕೆ ಒರಗಿದ್ದರು. ಚಂದ್ರಗೌಡರು ಬಾಗಿಲ ಬಳಿ ಕೆಳಗೆ. ಕಸ್ತೂರಿ ನನ್ನ ಪಕ್ಕದಲ್ಲಿ. ಈರಮ್ಮ ಬೆಲ್ಲದ ತಟ್ಟೆಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಸಂಜೆಯ ಪೂಜೆಯನ್ನು ನಾನು ಅಂದು ಒಳಗೆ ಮಾಡದೆ ಪಡಸಾಲೆಯಲ್ಲಿಯೇ ಕುಳಿತೆ. ಬಿಸಿಲು ಎದುರು ಗೋಡೆಯ ಮೇಲೆ ಒಂದು ಮೊಳ ಉಳಿದಿತ್ತು. ಅಂಗೈಯಲ್ಲಿ ಲಿಂಗವಿಟ್ಟುಕೊಂಡೆ. ಅದು ಆಗಲೇ ಬಂತು.

"ನನ್ನ ಕೇಳಿದ್ರ," ಎಂದೆ.

ಈರಮ್ಮ ಬೆಲ್ಲ ಎತ್ತಿದಳು. "ಆ ಗುಡ್ಡದ ಅಣಬಿ ತಿಂದ್ರ ಅರ್ಧಾ ತಾಸಿನ್ಯಾಗ ಕಾಣೂದು, ಲಿಂಗ ಹಿಡಕೊಂಡು ಐವತ್ತು ವರ್ಷ ಕುಂತ್ರೂ ಕಾಣಂಗಿಲ್ಲ." ಆಕೆಯ ಕೈ ನನ್ನ ಬಾಯಿಯ ಹತ್ತಿರ ಬಂತು. ನಾನು ಬಲಗೈಯಿಂದ ಆಕೆಯ ಮುಂಗೈ ಹಿಡಿದೆ. ಈರಮ್ಮ ನನಗಿಂತ ಗಟ್ಟಿ. ಆದರೂ ಬಿಡಲಿಲ್ಲ. ನಾಲಿಗೆ ತಾನಾಗಿ ಮುಂದೆ ಹೋಯಿತು.

"ಆದ್ರ ಅಣಬಿ ತೋರಿಸಿ ಓಡಿ ಹೋಗತೈತಿ. ಮರುದಿನ ನಾ ಅದನ್ನ ಹುಡುಕಿಕೊಂಡು ಗುಡ್ಡಕ್ಕ ಹೋಗಲಿಲ್ಲ, ಯಾಕಂದ್ರ ಮುಂಜಾನೆ ಎದ್ದು ನೋಡಿದ್ರ ಈಕಿ ಕುಂತಿದ್ದಳು. ಈಕಿಗೆ ಏನೂ ಕಾಣಂಗಿಲ್ಲ, ಎದ್ದು ಬರೂ ಮುಂದ ಮಾರಿ ನೋಡಿದ್ರ ತಿಳೀತೈತಿ. ಸ್ಟೇಷನ್ನ ಸಿಗದ ರೇಡಿಯೋನ ದಿನಾ ಎರಡ ಹೊತ್ತು ಹಚ್ಚಿ ಕಿವಿಗೊಟ್ಟು ಕುಂದರತಾಳ. ನಾ ಆದ್ರ ಎರಡ ದಿನದಾಗ ಬಿಚ್ಚಿ ಒಗೀತಿದ್ದೆ. ನನಗ ಕಂಡದ್ದಕ್ಕಿಂತ ಈಕಿ ಕುಂತದ್ದ ದೊಡ್ಡದು."

ಅಷ್ಟೇ. ನಾನು ಈರಮ್ಮನ ಕೈ ಬಿಟ್ಟೆ. ಬೆಲ್ಲ ಜಮಖಾನೆಯ ಮೇಲೆ ಬಿತ್ತು, ಯಾರೂ ಎತ್ತಲಿಲ್ಲ.

ಇದು ಭಾರದ ಮಾತು, ಅವರ ಸಂಗಡ ಮಣ್ಣಿಗೆ ಹೋಗಬೇಕಾಗಿತ್ತು. ಅವರು ಇದನ್ನು ಹಾಡು, ಆಟ, ಓಟುಗಳ ಜೊತೆ ಅದೇ ದನಿಯಲ್ಲಿ, ಸ್ಕ್ರೂ ತಿರುಗಿಸುತ್ತ ಆಡಿದ್ದರಿಂದ ಹಗುರವೆಂದು ಉಳಿದುಕೊಂಡಿತ್ತು. ಎದುರಿಗೆ ಆಡಿದ್ದರೆ ನಾನು "ನಿಮ್ಮನ್ನ ಯಾರ ಕೇಳ್ಯಾರ?" ಎನ್ನುತ್ತಿದ್ದೆ.

ಬಿಸಿಲು ಗೋಡೆಯ ಮೇಲೆ ಗೇಣಾಯಿತು. ಕಸ್ತೂರಿ ನನ್ನ ಕಡೆ ತಿರುಗಿದಳು. ಆಕೆ ಮೆಲ್ಲಗೆ ಕೇಳಿದರೂ ಎಲ್ಲರಿಗೂ ಕೇಳಿಸಿತು.

"ಅಮ್ಮಾರ, ನಮ್ಮವ್ವ ಆಸ್ಪತ್ರ್ಯಾಗ ಇದ್ದಾಗ, ನಾ ದಿನಾ ಬರತಿದ್ನಲ್ರಿ. ಆವಾಗೂ ಏನೂ ಕಂಡಿದ್ದಿಲ್ಲೇನ್ರಿ?"

ಈಗ ಗಂಟು ಹಾಕದಿದ್ದರೆ ಬಿಸಿಲಿನೊಡನೆ ಮಾತು ಹೋಗುತ್ತದೆ. ಕಸ್ತೂರಿ ಕೇಳಿದ್ದೂ ಹೋಗುತ್ತದೆ. ನಾಳೆ ಬೆಳಗ್ಗೆ ಆಕೆ ಬಂದು ಎಂದಿನಂತೆ ಪಾದ ಮುಟ್ಟುತ್ತಾಳೆ.

"ಇಲ್ಲವ್ವ," ಎಂದೆ. "ಆವಾಗೂ ಇಲ್ಲ. ಎಂದೂ ಇಲ್ಲ."

ಸೆರಗಿನ ತುದಿ ತೆಗೆದುಕೊಂಡೆ. ಎರಡು ಸಲ ಜಾರಿತು. ಮೂರನೆಯ ಸಲ ಗಂಟು ಬಿತ್ತು. "ಇದು ಇನ್ನ ನಂದು," ಎಂದೆ. ಎಲ್ಲರೂ ಗಂಟನ್ನೇ ನೋಡುತ್ತಿದ್ದರು. ನನ್ನನ್ನು ನಾನೇ ದೊಡ್ಡವಳೆಂದು ಹೊಗಳಿಕೊಳ್ಳುವ ಮಾತು, ಅದನ್ನು ಭಕ್ತೆಯಾದವಳು ಒಪ್ಪುವುದು ಹೇಗೆ, ಬಿಚ್ಚಿಕೊಳ್ಳುತ್ತದೆ ಎಂದು ನಾನು ಕೂಡ ನೋಡುತ್ತಿದ್ದೆ. ಆದರೆ ಒಪ್ಪಬೇಕಾದ್ದು ನಾನು ದೊಡ್ಡವಳೆಂದಲ್ಲ, ನನ್ನನ್ನು ಒಬ್ಬರು ನೋಡುತ್ತಿದ್ದರು ಎಂದು. ಬಿಸಿಲು ಗೋಡೆ ಬಿಟ್ಟಿತು. ಗಂಟು ಇತ್ತು. ಅಯ್ಯನವರು ಕೋಲು ಊರಿ ಎದ್ದರು. ನನ್ನ ಮುಂದೆ ಬಂದು, ಬಿದ್ದ ಬೆಲ್ಲವನ್ನು ಎತ್ತಿ ತಟ್ಟೆಯಲ್ಲಿಟ್ಟು ಹೋದರು.

ಕಸ್ತೂರಿ ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹಿಂದೆಲ್ಲ ಬಾಗಿಲಲ್ಲಿ ನಿಂತು ಏನು ಕಂಡಿರಿ ಎಂದು ಕೇಳುತ್ತಿದ್ದ ಹೆಂಗಸರು ಈಗ ಓಣಿಯ ಆ ಬದಿಯಿಂದ ನಡೆದು ಹೋಗುತ್ತಿದ್ದರು. ನಾನು ಎರಡು ಹೊತ್ತು ಕುಳಿತುಕೊಳ್ಳುತ್ತಿದ್ದ ಹಾಗೆಯೇ ಕುಳಿತುಕೊಂಡೆ. ಎದ್ದು ಬರುವಾಗ ಅಂಗಡಿಯ ಬಾಗಿಲಿನ ಕಡೆ ನೋಡಬಾರದೆಂದು ಎಷ್ಟು ಅಂದುಕೊಂಡರೂ ನೋಡುತ್ತಿದ್ದೆ. ಒಂದು ಬೆಳಗ್ಗೆ ಈರಮ್ಮ ತನ್ನ ಲಿಂಗ ತಂದು ನನ್ನ ಪಕ್ಕದಲ್ಲಿ ಕುಳಿತಳು. ಪೂಜೆ ಮುಗಿದ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ, "ವೈನಿ, ನನಗೂ ಏನೂ ಕಾಣಂಗಿಲ್ಲ. ಇಷ್ಟ ವರ್ಷ ನನಗಷ್ಟ ಕಾಣಂಗಿಲ್ಲ ಅಂತ ತಿಳಕೊಂಡಿದ್ದೆ," ಎಂದಳು. ಅಂದಿನಿಂದ ದಿನಾ ಬರುತ್ತಾಳೆ. ಕೆಲವು ದಿನ ಇನ್ನೂ ಒಬ್ಬಿಬ್ಬರು ಬರುತ್ತಾರೆ.

ವರ್ಷ ತುಂಬಿದ ದಿನ ಮಾತು ಒಯ್ದವರೆಲ್ಲ ಪಡಸಾಲೆಗೆ ಬಂದರು. ಬರಲೇಬೇಕು. ಕಸ್ತೂರಿಯೂ ಬಂದಳು. ಬಾಗಿಲ ಹತ್ತಿರ, ಚಂದ್ರಗೌಡರಿಗಿಂತ ಆಚೆ, ನನ್ನಿಂದ ದೂರ ಕುಳಿತಳು. ಗೌಡರು ತಮ್ಮ ಮಾತು ಆಡಿದರು. ಗೆದ್ದ ತಮ್ಮ ಪಕ್ಕದಲ್ಲಿದ್ದ, ಎಲ್ಲರ ಮುಖ ನೋಡುತ್ತಿದ್ದ. ಮೌಲಾಲಿ ತನ್ನದನ್ನು ಹಾರ್ಮೋನಿಯಂ ಮೇಲೆ ಬಾರಿಸಿ ತೋರಿಸಿಯೇ ಆಡಿದ. ಕಸ್ತೂರಿಯ ಸರದಿ ಬಂತು. ನೆಲ ನೋಡುತ್ತ ಶುರುಮಾಡಿದಳು. ವಿಡಿಯೋ ಗೇಮಿನಲ್ಲಿ ಸತ್ತವನನ್ನು ಮೊದಲಿನಿಂದ ಓಡಿಸುವುದು ತಪ್ಪು ಎಂದಳು. "ಎಲ್ಲಿ ಬಿದ್ದನೋ ಅಲ್ಲಿಂದನ," ಎಂದು ನಿಲ್ಲಿಸಿದಳು. ತಲೆಯೆತ್ತಿ ನನ್ನನ್ನು ನೋಡಿ, "ಎಬ್ಬಸಬೇಕು," ಎಂದು ಉಳಿದದ್ದನ್ನೂ ಆಡಿ ಮುಗಿಸಿದಳು. ಎದ್ದು ಬಂದು ನನ್ನ ಪಕ್ಕದಲ್ಲಿ, ಮೊದಲಿನ ಜಾಗದಲ್ಲಿ ಕುಳಿತಳು. ಪಾದ ಮುಟ್ಟಲಿಲ್ಲ. ಮಂಡಿಗೆ ಮಂಡಿ ತಾಗುವಂತೆ ಕುಳಿತಳು.

ಕೊನೆಗೆ ನನ್ನದು.

"ನನ್ನ ಕೇಳಿದ್ರ," ಎಂದೆ. ಅನ್ನುತ್ತಿದ್ದಂತೆಯೇ ಮಾತು ನಿಂತಿತು. ಮರೆತದ್ದಲ್ಲ. ಆ ಮಾತಿನ ಮೇಲೆ ಯಾರೋ ಏನೋ ಅನ್ನಬೇಕು, ಅಂದರೆ ಮುಂದಕ್ಕೆ ಹೋಗಲು ಬರುತ್ತದೆ. ಅನ್ನಬೇಕಾದವಳು ನಾನೇ ಆಗಿದ್ದೆ.

"ನಿಮ್ಮನ್ನ ಯಾರ ಕೇಳ್ಯಾರ್ರಿ, ಅಮ್ಮಾರ?" ಎಂದಳು ಕಸ್ತೂರಿ.

ಮೊದಲು ನಕ್ಕವನು ಮೌಲಾಲಿ. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು. ನಗು ತಣಿದ ಮೇಲೆ ಮಾತನ್ನು ಮೊದಲಿನಿಂದ ಕೊನೆಯವರೆಗೆ, "ಈಕಿ" ಎಂದರೆ ಯಾರೋ ಬೇರೆಯವಳು ಎಂಬಂತೆ, ಒಂದಕ್ಷರ ಬಿಡದೆ ಆಡಿದೆ. ಆಡಿ ಮುಗಿಸಿ ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.